ಹುಚ್ಚಪ್ಪನಿಂದ ಮೆಂಟಲ್‌ವರೆಗೆ

ಯಾರನ್ನಾದರೂ 'ಹುಚ್ಚ' ಅಂದರೆ ಇವತ್ತು ಜಗಳ ಗ್ಯಾರಂಟಿ. ಆದರೆ ಹಳ್ಳಿ ಕಡೆಯ ಹಳೇ ಮತದಾರರ ಪಟ್ಟಿ ತೆಗೆದರೆ ಹುಚ್ಚಪ್ಪ, ಹುಚ್ಚಮ್ಮ, ಹುಚ್ಚಯ್ಯ, ಹುಚ್ಚೇಗೌಡ ಎಲ್ಲರೂ ಸಿಗುತ್ತಾರೆ. ಹೆತ್ತವರೇ ಇಟ್ಟ ಹೆಸರುಗಳು ಇವು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ಬೇಕಂತಲೇ ಬೇಡದ ಹೆಸರು ಇಡುತ್ತಿದ್ದರು. ತಿಪ್ಪೆ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡ ಮಗು ತಿಪ್ಪಣ್ಣ ಆಗುತ್ತಿತ್ತು. ಇನ್ನೊಂದು ಮನೆಯ ಮಗು ಹುಚ್ಚಪ್ಪ. ಇಂಥದ್ದು ಯಾರಿಗೆ ಬೇಕು ಅಂತ ಸಾವೂ ಮುಖ ತಿರುಗಿಸಿಕೊಂಡು ಹೋಗಲಿ ಅನ್ನುವ ಆಸೆ.

ದೇವರಿಗೂ ಈ ಹೆಸರಿದೆ. ಶಿಕಾರಿಪುರದ ಆಂಜನೇಯ ಹುಚ್ಚರಾಯಸ್ವಾಮಿ. ಸಂಸ್ಕೃತದಲ್ಲೇ ಹೇಳಬೇಕು ಅನ್ನುವವರಿಗೆ ಭ್ರಾಂತೇಶ. ಐಹೊಳೆಗೆ ಹೋದರೆ ಚಾಲುಕ್ಯರ ಕಾಲದ ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯ ಗುಡಿ ನೋಡಬಹುದು.

ಹಳಗನ್ನಡ ಕಾವ್ಯಗಳಲ್ಲಿ ಜಾಸ್ತಿ ಕಣ್ಣಿಗೆ ಬೀಳುವುದು 'ಮರುಳ್'. ಅದಕ್ಕೆ ಹುಚ್ಚು ಅಂತಲೂ ಅರ್ಥ, ದೆವ್ವ ಅಂತಲೂ ಅರ್ಥ. ರಣರಂಗದಲ್ಲಿ ಹೆಣಗಳ ನಡುವೆ ಕುಣಿಯುವುದು ಮರುಳುಗಳೇ. ತಲೆ ಕೆಟ್ಟಿತು ಅಂದರೆ ಏನೋ ಮೆಟ್ಟಿಕೊಂಡಿದೆ ಅನ್ನುವ ನಂಬಿಕೆ ಆ ಒಂದೇ ಪದದಲ್ಲಿ ಕೂತಿದೆ. 12ನೇ ಶತಮಾನಕ್ಕೆ ಬಂದರೆ, ಕಲ್ಯಾಣದಲ್ಲಿ ಯಾರ ಕಣ್ಣಿಗೂ ಬೀಳದೆ ಪೆದ್ದನಂತೆ ಬದುಕಿದ ಶರಣನೊಬ್ಬ ಮರುಳಶಂಕರದೇವ ಆದ. ಈಗ ಆ ಪದ ತೀರಾ ಮೆತ್ತಗಾಗಿದೆ. ಜಾಹೀರಾತಿಗೆ ಮರುಳಾಗುತ್ತೇವೆ. ಜನ ಮರುಳೋ ಜಾತ್ರೆ ಮರುಳೋ ಅಂತ ನಗುತ್ತೇವೆ. ಅಷ್ಟೇ.

'ಹುಚ್ಚು' ಮಾತ್ರ ದೆವ್ವದ ಕಡೆಯಿಂದ ಬಂದಂತೆ ಕಾಣುವುದಿಲ್ಲ. ತೆಲುಗಿನ ಪಿಚ್ಚಿ, ತಮಿಳಿನ ಪಿತ್ತು ಪಕ್ಕದಲ್ಲಿಟ್ಟು ನೋಡಿ. ಪಾಲು ಹಾಲಾದಂತೆ ಕನ್ನಡದಲ್ಲಿ ಹಳೇ ಪಕಾರ ಹಕಾರ ಆಗುತ್ತದೆ, ಅಲ್ವಾ? ಹಾಗಾಗಿ ಇವೆಲ್ಲ ಒಂದೇ ಮನೆಯವು ಅನ್ನಿಸುತ್ತದೆ. ತಮಿಳಿನ ಪದದ ಬೇರು ದೇಹದೊಳಗಿನ ಪಿತ್ತದಲ್ಲಿದೆ. ಪಿತ್ತ ಕೆರಳಿದರೆ ಬುದ್ಧಿ ಕೆಡುತ್ತದೆ ಅಂತ ಆಯುರ್ವೇದ ಹೇಳಿತ್ತು. ನಾವು ಈಗಲೂ 'ಪಿತ್ತ ನೆತ್ತಿಗೇರಿದೆ' ಅನ್ನುತ್ತೇವಲ್ಲ, ಅದೇ ಲೆಕ್ಕ.

ಪದಕ್ಕೆ ಮುಳ್ಳು ಬಂದದ್ದು ಅದಕ್ಕೊಂದು ಕಟ್ಟಡ ಸಿಕ್ಕ ಮೇಲೆ ಅಂತ ನನ್ನ ಅನಿಸಿಕೆ. 19ನೇ ಶತಮಾನದ ನಡುವೆ ಬೆಂಗಳೂರಿನಲ್ಲೂ ಧಾರವಾಡದಲ್ಲೂ 'ಲುನಾಟಿಕ್ ಅಸೈಲಂ' ಬಂತು. ಜನರ ಬಾಯಲ್ಲಿ ಅದು ಹುಚ್ಚಾಸ್ಪತ್ರೆ. 1912ರ ಕಾಯ್ದೆಯ ಹೆಸರಲ್ಲೇ 'ಲುನಸಿ', ಅಂದರೆ ಹುಚ್ಚು, ಇತ್ತು. 1925ರಲ್ಲಿ ಬೆಂಗಳೂರಿನ ಅಸೈಲಂ 'ಮೆಂಟಲ್ ಹಾಸ್ಪಿಟಲ್' ಆಯಿತು. ಹಳೆಯ ಕೆಟ್ಟ ಹೆಸರು ಹೋಗಿ ಮರ್ಯಾದೆಯ ಹೆಸರು ಬಂತು ಅನ್ನಬೇಕು. ಆಮೇಲೇನಾಯಿತು? 'ಅವನೊಬ್ಬ ಮೆಂಟಲ್' ಅನ್ನುವುದೇ ಬೈಗುಳ ಆಯಿತು. ಮರ್ಯಾದೆಗೆ ತಂದ ಪದ ಹುಚ್ಚಿಗಿಂತ ಒರಟಾಗಿ ಕೂತಿತು. ಆ ಆಸ್ಪತ್ರೆಯೇ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆದಾಗ 'ನಿಮ್ಹಾನ್ಸ್‌ಗೆ ಸೇರಿಸಬೇಕು ನಿನ್ನ' ಶುರುವಾಯಿತು. ಉತ್ತರ ಕರ್ನಾಟಕದಲ್ಲಿ ಆ ಕೆಲಸ ಧಾರವಾಡದ ಪಾಲಿಗೆ ಬಂತು. ಪೇಡದ ಊರಿಗೆ ಇದೊಂದು ಹೆಚ್ಚುವರಿ ಖ್ಯಾತಿ!

ಕಾನೂನೂ ಪದ ಬದಲಿಸುತ್ತಲೇ ಬಂತು. 1987ರ ಕಾಯ್ದೆ 'ಲುನಾಟಿಕ್' ಕೈಬಿಟ್ಟಿತು. 2017ರ ಕಾಯ್ದೆ ಕಾಯಿಲೆಗಿಂತ ಮೊದಲು ವ್ಯಕ್ತಿಯನ್ನು ಇಟ್ಟು, ಮಾನಸಿಕ ಕಾಯಿಲೆ ಇರುವ ವ್ಯಕ್ತಿ ಎಂದಿತು. ಪತ್ರಿಕೆಗಳು 'ಮಾನಸಿಕ ಅಸ್ವಸ್ಥ' ಅಂತ ಬರೆಯುತ್ತವೆ. ಕಾಲೇಜು ಹುಡುಗರು ಅಷ್ಟರಲ್ಲಿ 'ಸೈಕೋ'ಗೆ ಹೋಗಿದ್ದಾರೆ.

ಒಳ್ಳೇ ಅರ್ಥದ ಹುಚ್ಚು ಮಾತ್ರ ಹಾಗೇ ಉಳಿದಿದೆ. ಕ್ರಿಕೆಟ್ ಹುಚ್ಚು, ನಾಟಕದ ಹುಚ್ಚು, ಓದುವ ಹುಚ್ಚು ಅಂದರೆ ಯಾರಿಗೂ ಸಿಟ್ಟಿಲ್ಲ. ಮಗಳನ್ನು ತಬ್ಬಿಕೊಂಡು 'ಹೋಗೇ ಹುಚ್ಚಿ' ಅನ್ನುವ ಅಮ್ಮಂದಿರೂ ಇದ್ದಾರೆ. ಆದರೆ ಮನೆಯಲ್ಲಿ ನಿಜವಾಗಿ ಕಾಯಿಲೆಯವರು ಇದ್ದರೆ ಅಲ್ಲಿ ಈ ಪದ ಕೇಳುವುದೇ ಅಪರೂಪ. ಬಾಗಿಲಿಗೆ ಬಂದ ನೆಂಟರ ಹತ್ತಿರ ದನಿ ತಗ್ಗಿಸಿ ಹೇಳುತ್ತಾರೆ: 'ಅವನಿಗೆ ಸ್ವಲ್ಪ ಹುಷಾರಿಲ್ಲ.'