ದುರಂತ ನಾಯಕ: ಪ್ರಬಂಧ ಬರೆಯುವವರಿಗೆ ಒಂದು ಪದ ಪರಿಚಯ

ಪದವಿ ತರಗತಿಯ ಮಕ್ಕಳ ಅಸೈನ್‌ಮೆಂಟ್‌ಗಳನ್ನು ತಿದ್ದುವಾಗ ಪ್ರತಿ ವರ್ಷವೂ ಎದುರಾಗುವ ವಾಕ್ಯವೊಂದಿದೆ: ‘ದುರ್ಯೋಧನ ಅಹಂಕಾರಿಯಾಗಿದ್ದ, ಆದ್ದರಿಂದ ನಾಶವಾದ.’ ಮಾತು ಸುಳ್ಳಲ್ಲ. ಆದರೆ ಕೀಚಕನ ಬಗ್ಗೆಯೂ, ಕಂಸನ ಬಗ್ಗೆಯೂ ಹೀಗೇ ಬರೆಯಬಹುದು. ಅವರನ್ನು ಯಾರೂ ದುರಂತ ನಾಯಕರೆಂದು ಕರೆಯುವುದಿಲ್ಲ. ಹಾಗಾದರೆ ದುರ್ಯೋಧನನಲ್ಲಿ ಏನು ಹೆಚ್ಚಿಗೆ ಇದೆ? ವಿಮರ್ಶಾ ಪ್ರಬಂಧ ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದ.

ದುರಂತ ನಾಯಕ ಎಂದರೆ ಎತ್ತರದ ಸ್ಥಾನದಲ್ಲಿದ್ದು, ತಾನೇ ಕೈಗೊಂಡ ನಿರ್ಧಾರದಿಂದ ಕೆಳಗೆ ಬೀಳುವವನು. ಬೀಳುತ್ತಿರುವಾಗ, ಇಲ್ಲವೇ ಬಿದ್ದ ಮೇಲೆ, ತಾನು ಮಾಡಿದ್ದೇನು ಎಂಬುದನ್ನು ಕಣ್ತೆರೆದು ನೋಡುವವನು. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಒಂದು ಕಟ್ಟು ಹಾಕಿಕೊಟ್ಟ. ನಾಯಕ ತೀರಾ ಸಜ್ಜನನಾದರೆ ಅವನ ಪತನ ನಮಗೆ ಅನ್ಯಾಯವಾಗಿ ಕಂಡು ಮನಸ್ಸು ಕೆಡುತ್ತದೆ. ತೀರಾ ದುಷ್ಟನಾದರೆ ಮರುಕವೇ ಹುಟ್ಟುವುದಿಲ್ಲ. ನಡುವಿನವನು ಬೇಕು, ಅವನು ಬೀಳುವುದು ಒಂದು ತಪ್ಪು ಹೆಜ್ಜೆಯಿಂದಾಗಬೇಕು. ಆಗ ಮಾತ್ರ ನೋಡುವವರಲ್ಲಿ ಕರುಣೆ ಮತ್ತು ಭಯ ಎರಡೂ ಏಳುತ್ತವೆ. ಗ್ರೀಕ್ ನಾಟಕಕಾರ ಸೋಫೋಕ್ಲಿಸನ ಈಡಿಪಸ್ ದೊರೆ ಇದಕ್ಕೆ ಹಳೆಯ ಉದಾಹರಣೆ. ಥೀಬ್ಸ್ ನಗರವನ್ನು ಮಾರಿಯಿಂದ ಉಳಿಸಲು ಹಿಂದಿನ ರಾಜನ ಕೊಲೆಗಾರನನ್ನು ಪಟ್ಟುಹಿಡಿದು ಹುಡುಕುತ್ತಾನೆ, ಕೊಲೆಗಾರ ತಾನೇ ಎಂದು ಕಂಡುಕೊಳ್ಳುತ್ತಾನೆ. ಪ್ರಜೆಗಳ ಮೇಲಿನ ಕಾಳಜಿ, ಸತ್ಯ ತಿಳಿಯಲೇಬೇಕೆಂಬ ಹಟ ಎರಡೂ ಒಳ್ಳೆಯ ಗುಣಗಳೇ. ಆ ಗುಣಗಳೇ ಅವನನ್ನು ಕೆಡವುತ್ತವೆ.

ನನ್ನ ಮಟ್ಟಿಗೆ ಇದೇ ವಿಷಯದ ತಿರುಳು. ನಾಯಕನ ಸ್ವಭಾವದಲ್ಲಿ ಒಂದು ದೋಷ ಹುಡುಕಿ ಅದರ ಕೆಳಗೆ ಗೆರೆ ಎಳೆದರೆ ಪ್ರಬಂಧ ಆರೋಪಪಟ್ಟಿಯಾಗುತ್ತದೆ. ಅವನನ್ನು ದೊಡ್ಡವನನ್ನಾಗಿ ಮಾಡಿದ ಗುಣವೇ ಯಾವ ದೃಶ್ಯದಲ್ಲಿ, ಯಾವ ಮಾತಿನಲ್ಲಿ ಅವನಿಗೆ ಮುಳುವಾಯಿತು ಎಂಬುದನ್ನು ತೋರಿಸಬೇಕು.

ದುರ್ಯೋಧನನನ್ನೇ ತೆಗೆದುಕೊಳ್ಳಿ. 10ನೆಯ ಶತಮಾನದ ರನ್ನನ ಗದಾಯುದ್ಧಕ್ಕೆ ನಾಯಕ ಭೀಮ. ಆದರೆ ಓದಿದವರ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನ. ಬಿ.ಎಂ. ಶ್ರೀಕಂಠಯ್ಯನವರು ಆ ಕಾವ್ಯವನ್ನು 1926ರಲ್ಲಿ ‘ಗದಾಯುದ್ಧ ನಾಟಕಂ’ ಎಂದು ರಂಗಕ್ಕೆ ಒಗ್ಗಿಸಿದ್ದೂ ಅವನನ್ನು ದುರಂತ ನಾಯಕನಾಗಿ ಕಂಡೇ. ಶರಶಯ್ಯೆಯಲ್ಲಿರುವ ಭೀಷ್ಮ ಸಂಧಿ ಮಾಡಿಕೋ ಎನ್ನುತ್ತಾನೆ. ದುರ್ಯೋಧನನ ಉತ್ತರವನ್ನು ಹೈಸ್ಕೂಲಿನಲ್ಲಿ ನಮ್ಮಲ್ಲಿ ಅನೇಕರು ಬಾಯಿಪಾಠ ಮಾಡಿದ್ದೇವೆ: ‘ನೆಲಕಿರಿವೆನೆಂದು ಬಗೆದಿರೆ? ಛಲಕಿರಿವೆಂ.’ ನೆಲಕ್ಕಾಗಿ ಕಾದುತ್ತೇನೆ ಎಂದುಕೊಂಡಿರಾ, ಛಲಕ್ಕಾಗಿ ಕಾದುತ್ತೇನೆ ಎಂದರ್ಥ. ಅಲ್ಲಿಗೇ ನಿಲ್ಲಿಸಿದರೆ ಹಟಮಾರಿ ಎಂದು ಬರೆದು ಮುಗಿಸಬಹುದು. ಆದರೆ ಅದೇ ಪದ್ಯ ಮುಂದುವರಿಯುತ್ತದೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ, ಇದರೊಡನೆ ಮತ್ತೆ ಬಾಳುವೆ ಮಾಡಲೇ ಎಂದು ಕೇಳುತ್ತಾನೆ. ಛಲದ ಒಳಗೆ ಗೆಳೆತನ ಕೂತಿದೆ! ಸಂಧಿಗೆ ಒಪ್ಪಿದರೆ ಬದುಕುತ್ತಾನೆ, ಆದರೆ ಸತ್ತ ಗೆಳೆಯನಿಗೆ ದ್ರೋಹ ಬಗೆದಂತಾಗುತ್ತದೆ. ಒಪ್ಪದಿದ್ದರೆ ಸಾವು. ಅವನು ಎರಡನೆಯದನ್ನು ಆರಿಸಿಕೊಳ್ಳುತ್ತಾನೆ.

ಅದಕ್ಕೂ ಮುಂಚೆ ಸಂಜಯನ ಜೊತೆ ಹೆಣಗಳ ನಡುವೆ ನಡೆಯುವ ಭಾಗವನ್ನು ನಿಧಾನವಾಗಿ ಓದಬೇಕು. ಶತ್ರುವಿನ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು, ನಿನ್ನ ಸಾಹಸದ ಒಂದಂಶದಷ್ಟಾದರೂ ಇರುವ ಸಾವು ನನಗೂ ಬರಲಿ ಎಂದು ಬೇಡುತ್ತಾನೆ. ದುಶ್ಶಾಸನನ ಮುಂದೆ ನಿಂತಾಗ, ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಸಾವಿನಲ್ಲಿ ಮಾತ್ರ ಆ ಕ್ರಮ ಕೆಡಿಸಿಬಿಟ್ಟೆಯಲ್ಲ ಎಂದು ಅಳುತ್ತಾನೆ. ದ್ರೌಪದಿಯ ಸೀರೆಗೆ ಕೈಹಾಕಿಸಿದವನು ಇವನೇ ಎಂಬುದನ್ನು ಓದುಗ ಮರೆತಿರುವುದಿಲ್ಲ. ಮರೆಯದೆಯೂ ಮರುಗುತ್ತಾನೆ. ಈ ಎರಡು ಭಾವ ಒಟ್ಟಿಗೆ ಹೇಗೆ ನಿಂತವು ಎಂಬುದನ್ನು ಬಿಡಿಸಿ ಬರೆದರೆ ಅದು ವಿಮರ್ಶೆ. ಮೊದಲು ಹೇಳಿದ ವಾಕ್ಯ ಆಗ ಹೀಗಾಗಬಹುದು: ‘ಕರ್ಣನ ಮೇಲಿನ ನಿಷ್ಠೆಯಿಂದಲೇ ದುರ್ಯೋಧನ ಸಂಧಿಯನ್ನು ತಳ್ಳಿಹಾಕುತ್ತಾನೆ, ನಾವು ಮೆಚ್ಚುವ ಗುಣವೂ ಅವನನ್ನು ಕೊಲ್ಲುವ ಗುಣವೂ ಒಂದೇ.’ ಇದನ್ನು ಒಪ್ಪಬಹುದು, ಒಪ್ಪದೆ ಜಗಳವಾಡಬಹುದು. ಪ್ರಬಂಧದ ಮೊದಲ ಪುಟದಲ್ಲಿ ಅಂಥ ಒಂದು ವಾಕ್ಯ ಇರಲೇಬೇಕು. ಕಥಾಸಾರಕ್ಕೆ ಐದಾರು ಸಾಲು ಸಾಕು.

ಕೊಡಗಿನ ಮಕ್ಕಳಿಗೆ ಸ್ವಂತ ವಿಷಯ ಆರಿಸಿಕೊಳ್ಳಿ ಎಂದರೆ ಬಹಳ ಜನ ಕೊಡಗಿನ ಕೊನೆಯ ಅರಸ ಚಿಕ್ಕವೀರ ರಾಜೇಂದ್ರನ ಹೆಸರು ಹೇಳುತ್ತಾರೆ. ಸಹಜವೇ. ಮಡಿಕೇರಿಯ ಕೋಟೆ, ಅರಮನೆ ದಿನಾ ಕಣ್ಣೆದುರಿಗಿವೆ. ಊರಿನ ಗದ್ದಿಗೆಯಲ್ಲಿ ದೊಡ್ಡವೀರ ರಾಜೇಂದ್ರನ, ಲಿಂಗರಾಜೇಂದ್ರನ ಸಮಾಧಿಗಳಿವೆ, ಕೊನೆಯ ಅರಸನದು ಅಲ್ಲಿಲ್ಲ. 1834ರಲ್ಲಿ ಬ್ರಿಟಿಷರು ಅವನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡರು. ಅವನು ಕಾಶಿಗೆ ಹೋದ, ಮಗಳೊಂದಿಗೆ ಲಂಡನ್ನಿಗೆ ಹೋದ, ಅಲ್ಲಿಯೇ 1859ರಲ್ಲಿ ತೀರಿಕೊಂಡ. ಕೇಳಿದರೆ ಕರುಳು ಚುರ್ ಎನ್ನುತ್ತದೆ. ಆದರೆ ಪತನವೊಂದಿದ್ದರೆ ಸಾಲದು. ತನ್ನ ನೆಂಟರಿಷ್ಟರನ್ನೇ ಕೊಲ್ಲಿಸಿದ ಆಪಾದನೆ ಹೊತ್ತ ಅರಸ ಅವನು. ಅರಿಸ್ಟಾಟಲನ ಅಳತೆಯಲ್ಲಿ ದುಷ್ಟನ ಕಡೆಗೇ ವಾಲುತ್ತಾನೆ. ಇತಿಹಾಸದ ಅರಸ ತಾನಾಗಿ ದುರಂತ ನಾಯಕನಾಗುವುದಿಲ್ಲ, ನಾಟಕಕಾರ ಆಗಿಸಬೇಕು. ಆದ್ದರಿಂದ ನಾನು ಮಕ್ಕಳಿಗೆ ಕೇಳುವುದು ಇಷ್ಟೇ: ನಿನ್ನ ಕೈಯಲ್ಲಿರುವ ಕೃತಿಯಲ್ಲಿ ಅವನು ತನ್ನನ್ನು ತಾನು ಅರಿಯುವ ಒಂದು ಗಳಿಗೆ ಇದೆಯೇ? ಇದ್ದರೆ ಆ ಪುಟದಿಂದ ಬರೆ. ಇಲ್ಲದಿದ್ದರೆ ಅವನು ಯಾಕೆ ದುರಂತ ನಾಯಕನಾಗಲಿಲ್ಲ ಎಂದು ಬರೆ, ಅದೂ ಒಳ್ಳೆಯ ಪ್ರಬಂಧವೇ.

ಕೊಡಗಿನವರಿಗೆ ಇನ್ನೂ ಒಳ್ಳೆಯ ವಿಷಯವೊಂದು ಮನೆಬಾಗಿಲಲ್ಲೇ ಇದೆ, ಯಾರೂ ಮುಟ್ಟುವುದಿಲ್ಲ. ಹರದಾಸ ಅಪ್ಪಚ್ಚ ಕವಿ ಕೊಡವ ಭಾಷೆಯಲ್ಲಿ 1906ರಲ್ಲಿಯೇ ಯಯಾತಿಯ ಕಥೆಯನ್ನು ನಾಟಕ ಮಾಡಿದರು. ಅದೇ ಯಯಾತಿಯ ಕಥೆಯನ್ನು ಗಿರೀಶ ಕಾರ್ನಾಡರು 1961ರಲ್ಲಿ ಕನ್ನಡದಲ್ಲಿ ತಮ್ಮದೇ ನಾಟಕವಾಗಿ ಬರೆದರು. ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಬಲ್ಲ ವಿದ್ಯಾರ್ಥಿಗೆ ಎರಡನ್ನೂ ಎದುರುಬದುರು ಇಟ್ಟು ಓದುವ ಭಾಗ್ಯವಿದೆ. ಮಹಾಭಾರತದ ಯಯಾತಿ ಮಗ ಪುರುವಿನ ಯೌವನವನ್ನು ಸಾವಿರ ವರ್ಷ ಅನುಭವಿಸಿ, ಭೋಗದಿಂದ ಆಸೆ ತಣಿಯುವುದಿಲ್ಲವೆಂದು ತಿಳಿದು ಮರಳಿಸುತ್ತಾನೆ. ಕಾರ್ನಾಡರ ಯಯಾತಿಗೆ ಅಷ್ಟು ಕಾಲ ಸಿಗುವುದಿಲ್ಲ. ಪುರುವಿನ ಹೆಂಡತಿ ಚಿತ್ರಲೇಖೆ ಪ್ರಾಣ ಕಳೆದುಕೊಂಡ ಮೇಲೆ ಅವನ ಕಣ್ಣು ತೆರೆಯುತ್ತದೆ. ನಾಯಕನ ಅರಿವಿಗೆ ಬೆಲೆ ತೆತ್ತವಳು ಬೇರೆಯವಳಾದಾಗ ನಮ್ಮ ಮರುಕ ಯಾರ ಕಡೆ ಹೋಗುತ್ತದೆ, ಅಪ್ಪಚ್ಚ ಕವಿಯ ನಾಟಕದಲ್ಲಿ ಆ ಬೆಲೆ ಯಾರ ಪಾಲಿಗೆ ಬಂತು ಎಂದು ಹುಡುಕುತ್ತಾ ಹೋದರೆ ಹತ್ತು ಪುಟ ತಾನಾಗಿ ತುಂಬುತ್ತದೆ.