ಎರಡು ಸಾಧು ಲಸಿಕೆ, ಒಂದು ಮಾರಿ ವೈರಸ್

ಕೋಳಿ ಕತ್ತು ಚಾಚಿ, ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತದೆ. ಕೆಮ್ಮಿದರೆ ರಕ್ತ ಬೆರೆತ ಲೋಳೆ ಶೆಡ್ಡಿನ ಗೋಡೆಗೆ ಸಿಡಿಯುತ್ತದೆ. ಇನ್‌ಫೆಕ್ಷಿಯಸ್ ಲ್ಯಾರಿಂಗೋಟ್ರೇಕಿಯೈಟಿಸ್ ಎಂಬ ನಾಲಿಗೆ ಹೊರಳದ ಹೆಸರು ಯಾರಿಗೂ ಬೇಡವಾಗಿ, ಈ ರೋಗ ಐಎಲ್‌ಟಿ ಎಂದೇ ಬಳಕೆಯಲ್ಲಿದೆ. 1925ರಲ್ಲಿ ಅಮೆರಿಕದಲ್ಲಿ ಮೊದಲು ವರದಿಯಾಯಿತು. ಇದನ್ನು ತರುವುದು ಒಂದು ಹರ್ಪಿಸ್ ವೈರಸ್. ಕೋಳಿ ಚೇತರಿಸಿಕೊಂಡ ಮೇಲೂ ಅದು ನರಗಳಲ್ಲಿ ಅಡಗಿ ಕೂರುತ್ತದೆ.

1930ರ ದಶಕದ ಲಸಿಕೆ ಒರಟು ಉಪಾಯ. ರೋಗದ ವೈರಸ್ಸನ್ನೇ ಬ್ರಷ್ಷಿನಿಂದ ಕೋಳಿಯ ಗುದದ್ವಾರದ ಒಳಗೆ ಸವರುತ್ತಿದ್ದರು. ಆಮೇಲೆ ವೈರಸ್ಸನ್ನು ಮೊಟ್ಟೆಯೊಳಗಿನ ಭ್ರೂಣದಲ್ಲಿ ಮತ್ತೆ ಮತ್ತೆ ಬೆಳೆಸಿ, ಸೊರಗಿಸಿ, ಕಣ್ಣಿಗೆ ಹನಿ ಹಾಕಿಯೋ ಕುಡಿಯುವ ನೀರಲ್ಲಿ ಬೆರೆಸಿಯೋ ಕೊಡುವುದು ರೂಢಿಯಾಯಿತು. ಸೊರಗಿದ್ದರೂ ಅದು ಜೀವಂತ ವೈರಸ್. ಲಸಿಕೆ ಪಡೆದ ಕೋಳಿಯಿಂದ ಪಕ್ಕದ ಕೋಳಿಗೆ ಹರಡಬಲ್ಲದು.

ಆಸ್ಟ್ರೇಲಿಯಾದಲ್ಲಿ ಬಹುಕಾಲ ಬಳಸಿದ್ದು ಅಲ್ಲಿನವೇ ಆದ ಎಸ್‌ಎ2 ಮತ್ತು ಅದರಿಂದ ಹುಟ್ಟಿದ ಎ20 ಎಂಬ ಎರಡು ಲಸಿಕೆಗಳನ್ನು. 2006ರಲ್ಲಿ ಯುರೋಪ್ ಮೂಲದ ಸರ್ವಾ ಲಸಿಕೆ ಬಂದಿತು. ಒಂದೆರಡು ವರ್ಷದೊಳಗೆ ಹಿಂದೆಂದೂ ಕಾಣದ ಎರಡು ತಳಿಗಳು ಕೋಳಿಗಳನ್ನು ಕೊಲ್ಲತೊಡಗಿದವು. ಅವಕ್ಕೆ 8ನೇ ವರ್ಗ, 9ನೇ ವರ್ಗ ಎಂದು ಹೆಸರಾಯಿತು.

ಹೊಸ ಲಸಿಕೆಯೇ ಕೆಟ್ಟು ಮತ್ತೆ ಉಗ್ರವಾಯಿತೇ? ಯಾರಿಗಾದರೂ ಮೊದಲು ಬರುವ ಅನುಮಾನ ಅದು. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಾಂಗ್‌ವನ್ ಲೀ, ಜೋಆನ್ ಡೆವ್ಲಿನ್, ಗ್ಲೆನ್ ಬ್ರೌನಿಂಗ್ ಮತ್ತು ಸಂಗಡಿಗರು ಈ ವೈರಸ್ಸುಗಳ ಸುಮಾರು ಒಂದೂವರೆ ಲಕ್ಷ ಅಕ್ಷರಗಳ ಡಿಎನ್‌ಎಯನ್ನು ಪೂರ್ತಿ ಓದಿದರು. 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಉತ್ತರ ಬೇರೆಯೇ ಆಗಿತ್ತು: ಒಂದಷ್ಟು ಭಾಗ ಸರ್ವಾದ್ದು, ಉಳಿದದ್ದು ಆಸ್ಟ್ರೇಲಿಯಾದ ಲಸಿಕೆಯದ್ದು.

ಒಂದು ಎತ್ತಿನ ಗಾಡಿಯ ಗಾಲಿ ಮುರಿದಿದೆ, ಇನ್ನೊಂದರ ನೊಗ ಮುರಿದಿದೆ ಎಂದುಕೊಳ್ಳಿ. ಎರಡೂ ಓಡವು. ಗಟ್ಟಿಯಿರುವ ಭಾಗಗಳನ್ನು ಕೂಡಿಸಿದರೆ ಓಡುವ ಗಾಡಿಯೊಂದು ಸಿದ್ಧ. ಎರಡು ಲಸಿಕೆಗಳು ಸೊರಗಿದ್ದು ಬೇರೆಬೇರೆ ಜಾಗಗಳಲ್ಲಿ. ಒಂದೇ ಕೋಳಿಯ ಒಂದೇ ಜೀವಕೋಶಕ್ಕೆ ಎರಡೂ ಹೊಕ್ಕಾಗ, ಡಿಎನ್‌ಎ ನಕಲಾಗುವಾಗ ತುಂಡುಗಳು ಅದಲುಬದಲಾದವು. ಗಾಲಿ, ನೊಗ ಎರಡೂ ಮುರಿದ ಗಾಡಿಯೂ ಹುಟ್ಟಿರಬಹುದು. ಓಡದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

‘ಲಸಿಕೆಯಿಂದಲೇ ರೋಗ ಬಂತು’ ಎಂದುಬಿಟ್ಟರೆ ಅರ್ಧ ಮಾತಾಗುತ್ತದೆ. ಒಂದೊಂದೇ ಇದ್ದಾಗ ಎಸ್‌ಎ2, ಎ20, ಸರ್ವಾ ಮೂರೂ ತಮ್ಮ ಕೆಲಸ ಮಾಡುತ್ತಿದ್ದವು. ಒಂದೇ ಹಿಂಡಿಗೆ ಎರಡು ಮೂಲದ ಜೀವಂತ ಲಸಿಕೆ ತಾಗದಂತೆ ನೋಡಿಕೊಳ್ಳಬೇಕಿತ್ತು. ಆ ಎಚ್ಚರ ಬರುವ ಹೊತ್ತಿಗೆ ಹೊಸ ತಳಿಗಳು ಶೆಡ್ಡುಗಳಲ್ಲಿ ಬೇರೂರಿದ್ದವು. ಮುಂದೆ 10ನೇ ವರ್ಗವೂ ಕಾಣಿಸಿಕೊಂಡಿತು.