ತೀರಿಹೋದ ಅಮ್ಮನ ಸೀರೆಯಿಂದ ಕೂಸಿಗೆ ಕೌದಿ ಹೊಲಿಯಬಹುದೇ?

ಪ್ರಶ್ನೆ: ಅಮ್ಮ ತೀರಿಕೊಂಡು ವರ್ಷವಾಗುತ್ತ ಬಂತು. ಟ್ರಂಕಿನಲ್ಲಿ ಅವರ ನೂಲಿನ ಸೀರೆಗಳಿವೆ. ತಂಗಿಗೆ ಈಗ ಏಳು ತಿಂಗಳು. ಹುಟ್ಟುವ ಮಗುವಿಗೆ ಅವುಗಳಿಂದ ಕೌದಿ ಹೊಲಿಯೋಣವೆಂದರೆ, ಸತ್ತವರ ಬಟ್ಟೆ ಕೂಸಿನ ಮೈಗೆ ತಾಕಬಾರದೆಂದು ಹಿರಿಯರು ತಡೆಯುತ್ತಾರೆ. ಏನು ಮಾಡಲಿ?

ಉತ್ತರ: ಹೊಲಿಯಿರಿ. ಇದಕ್ಕೆ ಎಷ್ಟು ಬಾರಿ ಉತ್ತರ ಬರೆದಿದ್ದೇನೆಂಬ ಲೆಕ್ಕ ನನಗೇ ತಪ್ಪಿಹೋಗಿದೆ. ಪ್ರತಿ ಪತ್ರದಲ್ಲೂ ಸೀರೆಯ ಬಣ್ಣ ಬೇರೆ, ಪ್ರಶ್ನೆ ಮಾತ್ರ ಅದೇ.

ಪ್ರಾಣ ಹೋಗುವಾಗ ಮೈಮೇಲಿದ್ದ ಬಟ್ಟೆಯನ್ನು ಮನೆಯಲ್ಲಿಟ್ಟುಕೊಳ್ಳದ ಪದ್ಧತಿ ಹಲವರಲ್ಲಿದೆ, ಅದರ ತಂಟೆಗೆ ನಾನು ಹೋಗುವುದಿಲ್ಲ. ಆದರೆ ಆ ಒಂದು ಬಟ್ಟೆಯ ನಿಯಮವನ್ನು ಇಡೀ ಟ್ರಂಕಿಗೆ ಹಬ್ಬಿಸಿದವರು ಯಾರು? ಅದೇ ಅಮ್ಮನ ಧಾರೆಸೀರೆಯನ್ನು ಮಗಳು ಹಬ್ಬಕ್ಕೆ ಉಡುತ್ತಾಳೆ, ಅವರ ಬೆಂಡೋಲೆಯನ್ನು ಸೊಸೆ ಇಟ್ಟುಕೊಳ್ಳುತ್ತಾಳೆ, ಆಗ ಯಾವ ಹಿರಿಯರೂ ಬಾಯಿ ಬಿಡುವುದಿಲ್ಲ. ಸೂತಕವು ನೂಲಿಗೆ ಅಂಟಿ, ರೇಷ್ಮೆಗೂ ಬಂಗಾರಕ್ಕೂ ಅಂಟದೆ ಬಿಡುವ ಈ ಶಾಸ್ತ್ರ ನನಗಂತೂ ಅರ್ಥವಾಗಿಲ್ಲ.

ಇನ್ನು ಹಳೆಯ ಬಟ್ಟೆಯೇ ಕೂಸಿಗೆ ಕೇಡೆನ್ನುವವರು ತಮ್ಮ ಮನೆಯ ಬಾಣಂತನವನ್ನೊಮ್ಮೆ ನೆನೆಯಲಿ. ಗಂಜಿ ಬಿಡದ ಹೊಸ ಬಟ್ಟೆ ಎಳೆಯ ಮೈಗೆ ಒರಟಾಗುತ್ತದೆಂದು ಅಜ್ಜಿಯ ಹಳೇ ಸೀರೆಯನ್ನೇ ಹರಿದು ಕೂಸನ್ನು ಸುತ್ತುವುದು ನಮ್ಮಲ್ಲಿ ಹೊಸದೇನಲ್ಲ. ಕೌದಿ ಹುಟ್ಟಿದ್ದೇ ಉಟ್ಟು, ಒಗೆದು, ಸವೆದ ಬಟ್ಟೆಯಿಂದ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿ ಹೆಂಗಸರು ಮನೆಮಂದಿಯ ಹಳೆಯ ಬಟ್ಟೆಗಳ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಹೊಲಿಯುತ್ತ ಬಂದು, ಕೊನೆಗೆ ಮೂಲೆಗಳಿಗೆ ‘ಫೂಲ’ವೆಂಬ ಮುಕ್ಕೋನದ ತೇಪೆಗಳನ್ನಿಡುತ್ತಾರೆ, ಫೂಲವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದಲ್ಲಿ 1987ರ ಅಕ್ಟೋಬರ್‌ನಲ್ಲಿ, ಏಡ್ಸ್‌ನಿಂದ ಸತ್ತವರ ನೆನಪಿಗೆ ಹೊಲಿದ 1,920 ಫಲಕಗಳ ಕೌದಿಯನ್ನು ವಾಷಿಂಗ್ಟನ್ನಿನ ಬಯಲಿನಲ್ಲಿ ಹಾಸಿದ್ದರು. ಒಂದೊಂದು ಫಲಕವೂ ಮೂರಡಿ ಅಗಲ, ಆರಡಿ ಉದ್ದ, ಅಂದರೆ ಒಂದು ಗೋರಿಯಷ್ಟು. ಆ ಕೌದಿಗೆ ಸತ್ತವರ ಅಂಗಿ, ಜೀನ್ಸ್‌ಗಳನ್ನು ಹೊಲಿದು ಸೇರಿಸಿದವರು ಅವರ ಆಪ್ತರೇ.

ಹೊಲಿದರೆ ದುಃಖ ಮರೆಯುತ್ತದೆಂದು ನಾನು ಹೇಳುತ್ತಿಲ್ಲ. ಮೊದಲ ಕತ್ತರಿ ಹಾಕುವ ಹೊತ್ತು ಕಷ್ಟದ್ದೇ. ನನ್ನ ತಾಯಿಯ ಹಸಿರು ಸೀರೆಯಲ್ಲಿ ಬೀಗದಕೈ ಗೊಂಚಲು ಸಿಕ್ಕಿಸಿ ಸಿಕ್ಕಿಸಿ ಜಾಳಾದ ಅಂಗೈಯಗಲದ ಜಾಗವೊಂದಿತ್ತು. ಎಸೆಯಬೇಕೆಂದು ಕತ್ತರಿಸಿ ತೆಗೆದವಳು, ಕೊನೆಗೆ ಅದರಡಿ ಬೇರೆ ಬಟ್ಟೆ ಕೊಟ್ಟು ಕೌದಿಯ ನಡುವೆಯೇ ಕೂಡಿಸಿದೆ. ದಿನಕ್ಕೆ ಎರಡು ಸಾಲಿನಂತೆ ಮೂರು ತಿಂಗಳು ಸೂಜಿ ಓಡಿಸುವಷ್ಟರಲ್ಲಿ, ಮುಟ್ಟಿದರೆ ಅಳು ಬರುತ್ತಿದ್ದ ಸೀರೆ ಕೈಕೆಲಸದ ಬಟ್ಟೆಯಾಗಿತ್ತು.

ನೀವು ಕೇಳಲಿಲ್ಲ, ಆದರೂ ಹೇಳಬೇಕು: ಆ ಸೀರೆಗಳಲ್ಲಿ ಇಳಕಲ್ಲಿನದಿದ್ದರೆ ಎಚ್ಚರ. ಒಡಲು ನೂಲಿನದಾದರೂ, ಕೊಂಡಿ ಹಾಕಿ ಸೇರಿಸಿದ ಕೆಂಪು ಸೆರಗು ಸಾಮಾನ್ಯವಾಗಿ ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುತ್ತದೆ. ಒಗೆದಾಗ ಎರಡೂ ಒಂದೇ ಸಮ ಕುಗ್ಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ಮೊದಲು ಒಗೆದು, ಆಮೇಲೆ ಕತ್ತರಿಸಿ. ಬಣ್ಣ ನಿಲ್ಲಿಸುತ್ತದೆಂದು ಉಪ್ಪುನೀರನ್ನು ನಂಬಬೇಡಿ. ಸೆರಗಿನ ಮೂಲೆಯನ್ನು ನೆನೆಸಿ, ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ಕೆಂಪು ಬಿಟ್ಟರೆ ಅದನ್ನು ಕೂಸಿನ ಕೌದಿಗೆ ಹಾಕದೆ ನಿಮ್ಮ ಹೊದಿಕೆಗೆ ಎತ್ತಿಡಿ.